ಬೆಳಕಿಗೆ ಬೆನ್ನು ಮಾಡಿ ಕುಣಿಯುವ ಮಲಕವ್ವ

ಬೆಳಗಿನ ಆರಕ್ಕೆ ಇನ್ನೂ ಕಾಲು ಗಂಟೆ. ನಾಸಿಕ ಜಿಲ್ಲೆಯ ನಿಫಾಡ್ ತಾಲ್ಲೂಕಿನ ಈ ದ್ರಾಕ್ಷಿ ತೋಟದಲ್ಲಿ ಪಂಪ್‌ಹೌಸಿನ ಗೋಡೆಗೆ ನೇತುಹಾಕಿದ ಥರ್ಮಾಮೀಟರು ನಾಲ್ಕು ಡಿಗ್ರಿ ಎನ್ನುತ್ತಿದೆ. ನನ್ನ ಮೂಗಿನ ತುದಿಯನ್ನು ಕೇಳಿದರೆ ಅದು ಅಷ್ಟನ್ನೂ ಒಪ್ಪುವುದಿಲ್ಲ. ಡಿಸೆಂಬರ್ ಚಳಿಗೆ ಈ ತಾಲ್ಲೂಕು ಹೆಸರುವಾಸಿ. ಎಳೆಗಾಯಿ ಕೆಡದಿರಲೆಂದು ಬಳ್ಳಿ ಸಾಲುಗಳ ತುದಿಯಲ್ಲಿ ಕಸಕಡ್ಡಿ ಸೇರಿಸಿ ಬೆಂಕಿ ಹಾಕಿದ್ದಾರೆ.

ಪಂಪ್‌ಹೌಸಿನ ಮುಂದಿನ ಬಯಲಲ್ಲಿ ಹನ್ನೊಂದು ಹೆಂಗಸರು ಸುತ್ತುಗಟ್ಟಿ ನಿಂತಿದ್ದಾರೆ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಬಿಗಿದ ವಸ್ತ್ರ. “ಕೈ ಮ್ಯಾಲೆತ್ರಿ,” ಎನ್ನುತ್ತಾರೆ ಅವರಲ್ಲೊಬ್ಬರಾದ ಮಲಕವ್ವ. “ಗೊಂಚಲ ಹಿಡೀರಿ. ಅದ್ದ್ರಿ. ಬಿಡ್ರಿ. ಹಾಂ, ಈಗ ಕೈಗೆ ಸೂಟಿ ಕೊಡ್ರಿ. ಅದ ಕೆಲಸ ಮೊಣಕೈ ಮಾಡ್ಲಿ.” ಇಪ್ಪತ್ತೆರಡು ಮೊಣಕೈಗಳು ಇಲ್ಲದ ಗೊಂಚಲನ್ನು ಇಲ್ಲದ ನೀರಿನಲ್ಲಿ ಅದ್ದಿ ತೆಗೆಯುತ್ತವೆ. “ಈಗ ಸೊಂಟ ಮಾಡ್ಲಿ.” ಈ ಮಾತಿಗೆ ಮೊದಲು ನಗು ಬರುತ್ತದೆ, ಆಮೇಲೆ ಸೊಂಟ ಬರುತ್ತದೆ. ಹನ್ನೊಂದು ಮಂದಿ, ಹನ್ನೊಂದು ರೀತಿ. ಒಬ್ಬರಂತೆ ಇನ್ನೊಬ್ಬರು ಮಾಡಬಾರದು ಎಂಬುದೊಂದೇ ಇಲ್ಲಿನ ಕಾನೂನು.

“ಸರ, ನೀವ್ಯಾಕ ನಿಂತೀರಿ? ಬರ್ರಿ,” ಎಂದು ಮಲಕವ್ವ ನನ್ನನ್ನೂ ಎಳೆಯುತ್ತಾರೆ. ನಾನು ಹೆಗಲಿಂದ ಗೊಂಚಲು ಅದ್ದಲು ಹೋಗಿ ತೂಕ ತಪ್ಪುತ್ತೇನೆ. ಇಲ್ಲಿ ನೆಲ ಸಮ ಇಲ್ಲ ಎಂದು ಗೊಣಗುತ್ತೇನೆ. ಬೆಂಕಿಯ ಪಕ್ಕ ಕುಳಿತು ಕಡ್ಡಿ ಕೆದಕುತ್ತಿದ್ದ ಹಿರಿಯ ಹೆಂಗಸೊಬ್ಬರು ತಲೆಯನ್ನೂ ಎತ್ತದೆ, “ಕುಣೀಲಾರದಾಕಿ ನೆಲ ಡೊಂಕ ಅಂದಿದ್ಲಂತ,” ಎನ್ನುತ್ತಾರೆ. ಹನ್ನೊಂದೂ ಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅವರು ಈರಮ್ಮ. ವಯಸ್ಸು ಐವತ್ತೆಂಟು. ಈ ಗುಂಪಿನ ಹನ್ನೆರಡನೆಯವರು, ಮತ್ತು ಮಲಕವ್ವನ ಮಾತಿನಲ್ಲೇ ಹೇಳುವುದಾದರೆ, “ನಮ್ಮೆಲ್ಲಾರಕಿಂತ ಚಲೋ ಕುಣಿಯಾಕಿ.” ಆದರೆ ಒಂದು ವರ್ಷದಿಂದ ಈರಮ್ಮ ಕುಣಿದಿಲ್ಲ. ಬರುತ್ತಾರೆ, ಬೆಂಕಿ ಕಾಯುತ್ತಾರೆ, ಸುಮ್ಮನೆ ನೋಡುತ್ತಾರೆ.

ನಾನು ಇಲ್ಲಿಗೆ ಬಂದದ್ದು ಗುರುವಾರ. ಭಾನುವಾರ ಸಂಜೆ ನಾಸಿಕದ ಕನ್ನಡ ಬಳಗದ ಕಾರ್ಯಕ್ರಮದಲ್ಲಿ ಈ ಹೆಂಗಸರ ಕುಣಿತವಿದೆ. ಈರಮ್ಮ ಅಷ್ಟರಲ್ಲಿ ಬೆಂಕಿ ಬಿಟ್ಟು ಎದ್ದು ಬರಬೇಕು. ಮಲಕವ್ವನಿಗೆ ಸದ್ಯ ಬೇರೆ ಚಿಂತೆಯೇ ಇಲ್ಲ.

ಮಲಕವ್ವ ವಿಜಾಪುರ ಜಿಲ್ಲೆಯ ಇಂಡಿ ಕಡೆಯವರು. ಈಗ ನಲವತ್ತಾರು. ಗಂಡ ಭುಜಂಗ ಟೆಂಪೊ ಓಡಿಸುತ್ತಾರೆ. ಊರಲ್ಲಿ ದ್ರಾಕ್ಷಿ ಕೆಲಸ ಕಲಿತಿದ್ದ ಗಂಡಹೆಂಡತಿ 2001ರಲ್ಲಿ ಇಲ್ಲಿಗೆ ಬಂದರು. ಈಗ ಹನ್ನೆರಡು ಮಂದಿಯ ಟೋಳಿಗೆ ಮಲಕವ್ವನೇ ಮುಕಾದಮ್. ಯಾವ ತೋಟಕ್ಕೆ ಯಾವತ್ತು, ಎಷ್ಟು ಸಾಲು ಎಂದು ಮಾಲೀಕರೊಂದಿಗೆ ಮಾತಾಡುವವರೂ ಅವರೇ, ಯಾರ ಮಗುವಿಗೆ ಜ್ವರ ಎಂದು ನೆನಪಿಟ್ಟುಕೊಳ್ಳುವವರೂ ಅವರೇ. ಟೋಳಿಯಲ್ಲಿ ಏಳು ಮಂದಿ ನಮ್ಮ ಕಡೆಯವರು, ಐದು ಮಂದಿ ಇಲ್ಲಿಯ ಮರಾಠಿಯವರು. ಮಾತು ಎರಡೂ ಸೇರಿದ ಮಿಸಳ್.

ಕೆಲಸವೆಲ್ಲ ತಲೆಯ ಮೇಲೆ. ಅಕ್ಟೋಬರ್‌ನಲ್ಲಿ ಬಳ್ಳಿ ಸವರುವುದರಿಂದ ಹಿಡಿದು ಗೊಂಚಲಿನ ಹೆಚ್ಚುವರಿ ಕಾಯಿಯನ್ನು ಪುಟ್ಟ ಕತ್ತರಿಯಿಂದ ತೆಗೆಯುವುದು, ಕಾಯಿ ದಪ್ಪವಾಗಲೆಂದು ಒಂದೊಂದೇ ಗೊಂಚಲನ್ನು ಔಷಧಿ ನೀರಿನಲ್ಲಿ ಅದ್ದುವುದು, ಎಲ್ಲವೂ ಕೈ ಎತ್ತಿಕೊಂಡೇ ಆಗಬೇಕು. ಅದ್ದುವ ದಿನಗಳಲ್ಲಿ ಒಬ್ಬೊಬ್ಬರ ಪಾಲಿಗೆ ಎರಡು ಸಾವಿರ ಗೊಂಚಲು ಬರುತ್ತದೆ. “ಎರಡ ಸಾವಿರ ಸಲ ಕೈ ಮ್ಯಾಲೆ ಹೋಗತೈತ್ರಿ. ಮನಿಗೆ ಹೋಗಿ ರೊಟ್ಟಿ ಬಡಿಯಾಕ ಕುಂತ್ರ ಕೈ ಕೆಳಗ ಬರಂಗಿಲ್ಲ,” ಎನ್ನುತ್ತಾರೆ ಮಲಕವ್ವ. ಹೇಳುವಾಗಲೂ ನಗು. ಕಷ್ಟವನ್ನು ಕಷ್ಟದ ಮುಖದಲ್ಲಿ ಹೇಳುವ ಅಭ್ಯಾಸ ಅವರಿಗಿಲ್ಲ. ಇದರಿಂದ ನನ್ನಂಥ ಬರಹಗಾರನಿಗೆ ಸ್ವಲ್ಪ ತೊಂದರೆಯಾಗುತ್ತದೆ.

ಈ ಹೆಗಲು ನೋವೇ ಕುಣಿತಕ್ಕೆ ದಾರಿಯಾಯಿತು. 2010ರಲ್ಲಿ ಹೆಂಗಸರ ಉಳಿತಾಯ ಗುಂಪಿನವರು ಮೃದುಲಾ ಎಂಬ ಧಾರವಾಡದ ಹೆಣ್ಣುಮಗಳನ್ನು ಕರೆಸಿದರು. ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಅವರ ಗಂಡ ಎಂಜಿನಿಯರು. ಮೃದುಲಾ ಚಿಕ್ಕಂದಿನಲ್ಲಿ ಭರತನಾಟ್ಯ ಕಲಿತವರು, ಆಮೇಲೆ ಪುಣೆಯಲ್ಲಿ ಬೇರೆಯದೇ ಪಾಠವೊಂದನ್ನು ಕಲಿತರು: ಹೆಜ್ಜೆ ಹೇಳಿಕೊಡದೆ, ಸಣ್ಣ ಸಣ್ಣ ಮೈ ಆಟಗಳನ್ನು ಆಡಿಸುತ್ತ, ಕುಣಿಯುವವರೇ ತಮ್ಮ ಕುಣಿತವನ್ನು ಹುಡುಕಿಕೊಳ್ಳುವಂತೆ ಮಾಡುವುದು. “ನಾ ಬಂದದ್ದು ಹೆಗಲು ಹಗುರ ಮಾಡಲಿಕ್ಕೆ. ಮೂರು ರವಿವಾರ, ಅಷ್ಟ,” ಎನ್ನುತ್ತಾರೆ ಮೃದುಲಾ.

ಮೊದಲ ಆಟವೇ ಕೈಕೊಟ್ಟಿತು. ಸುಮ್ಮನೆ ನಡೆಯಿರಿ, ನಾನು ಚಪ್ಪಾಳೆ ತಟ್ಟಿದಾಗ ನಿಲ್ಲಿರಿ ಎಂದರು ಮೃದುಲಾ. ಯಾರೂ ಕದಲಲಿಲ್ಲ. “ಎಲ್ಲಿಗೆ?” ಎಂದು ಕೇಳಿದರು ಈರಮ್ಮ. ಎಲ್ಲಿಗೂ ಇಲ್ಲ, ಸುಮ್ಮನೆ ಎಂದರೂ ಕಾಲು ಏಳಲಿಲ್ಲ. ಹುಟ್ಟಿದಾಗಿನಿಂದ ಈ ಹೆಂಗಸರು ಎಲ್ಲಿಗೂ ಅಲ್ಲದೆ ನಡೆದದ್ದೇ ಇಲ್ಲವಂತೆ. ಕೊನೆಗೆ ಮೃದುಲಾ ಸೋತು, “ಆ ಗ್ವಾಡಿ ಮುಟ್ಟಿ ಬರ್ರಿ,” ಎಂದರು. ತಕ್ಷಣ ಎಲ್ಲರೂ ಹೊರಟರು.

ಎರಡನೆಯ ಭಾನುವಾರ, ಗಾಳಿಯಲ್ಲಿ ಮೊಣಕೈಯಿಂದ ನಿಮ್ಮ ಹೆಸರು ಬರೆಯಿರಿ ಎಂದರು. ಮಲಕವ್ವನಿಗೆ ಅಕ್ಷರ ಬರುವುದಿಲ್ಲ. “ನನಗ ನಾಚಿಕಿ ಬಂತ್ರಿ. ಆದ್ರ ರಂಗೋಲಿ ಬರತೈತಲ್ಲ. ಒಂಬತ್ತ ಚುಕ್ಕಿ ಇಟ್ಟೆ, ಗೆರಿ ಎಳದೆ.” ಮೃದುಲಾ ನೋಡಿದರು. ಅದನ್ನೇ ಇನ್ನೂ ದೊಡ್ಡದಾಗಿ ಹಾಕಿ ಎಂದರು. ಆಮೇಲೆ ನಿಧಾನವಾಗಿ. ಆಮೇಲೆ ಪಾದದಿಂದ, ಆಮೇಲೆ ಬೆನ್ನಿನಿಂದ. “ಐದನೇ ಸಲಕ್ಕ ಅದು ರಂಗೋಲಿನೂ ಅಲ್ಲ, ಹೆಸರೂ ಅಲ್ಲ. ಅದು ಡಾನ್ಸ್ ಆಗಿತ್ತು. ನಾ ಹೇಳಿಕೊಟ್ಟದ್ದಲ್ಲ, ಆಕಿ ಕಡೆ ಇತ್ತು,” ಎನ್ನುತ್ತಾರೆ ಮೃದುಲಾ. ಮಲಕವ್ವ ಆ ದಿನದ ಬಗ್ಗೆ ಹೇಳುವುದು ಇಷ್ಟೇ: “ಮನಿಗೆ ಹೋಗಿ ಅಡಿಗಿ ಮಾಡಾಕ ಮನಸ ಬರಲಿಲ್ರಿ. ಮೈ ಇನ್ನೂ ಗೆರಿ ಎಳೀತಿತ್ತು.”

ಮೂರು ಭಾನುವಾರ ಮುಗಿದವು. ಮಲಕವ್ವ ಮುಗಿಸಲಿಲ್ಲ. ಮರುದಿನದಿಂದಲೇ ಕೆಲಸಕ್ಕೆ ಮೊದಲು ಕಾಲು ಗಂಟೆ ಟೋಳಿಯನ್ನು ನಿಲ್ಲಿಸಿ ಆಡಿಸತೊಡಗಿದರು. ತೋಟದ ಮಾಲೀಕ ಅಭಿಜಿತ್ ಮೊದಲ ದಿನ ಮೋಟರ್‌ಸೈಕಲ್ ನಿಲ್ಲಿಸಿ, “ಮಾವಶಿ, ಹೇ ಕಾಯ ಚಾಲಲಂಯ?” ಎಂದು ಕೇಳಿದರಂತೆ. ಏನು ನಡೆದಿದೆ ಎಂದು ಮಾವಶಿಗೂ ಸರಿಯಾಗಿ ಗೊತ್ತಿರಲಿಲ್ಲ. ಈಗ ಅಭಿಜಿತ್‌ರದೇ ಬೇರೆ ರಾಗ: ಹೆಗಲು ನೋವೆಂದು ರಜೆ ಹಾಕುವವರು ಕಡಿಮೆಯಾಗಿದ್ದಾರೆ, ಕಾಲು ಗಂಟೆ ಹೋದರೆ ಹೋಗಲಿ. ಆಟ ನೋಡಲು ಅವರೇ ಚಹಾ ಲೋಟ ಹಿಡಿದು ಬರುವುದೂ ಉಂಟು.

ಆಟಗಳಿಂದ ಕುಣಿತ ಕಟ್ಟುವುದು ಹೇಗೆ ಎಂದು ಕೇಳಿದೆ. ಮಲಕವ್ವ ಊಟದ ಹೊತ್ತಿಗೆ ತೋರಿಸುತ್ತೇನೆ ಎಂದರು. ಮಧ್ಯಾಹ್ನ ಬಳ್ಳಿಯ ನೆರಳಲ್ಲಿ ಹನ್ನೆರಡು ಬುತ್ತಿ ಬಿಚ್ಚಿಕೊಂಡವು. ನಮ್ಮ ಕಡೆ ಹೊಲದಲ್ಲಿ ಊಟ ಮಾಡಿದವರಿಗೆ ಇದರ ರೀತಿ ಗೊತ್ತು: ತನ್ನ ಬುತ್ತಿಯನ್ನು ತಾನೊಬ್ಬಳೇ ಉಣ್ಣುವಂತಿಲ್ಲ. ಒಬ್ಬರ ಪುಂಡಿಪಲ್ಯ, ಇನ್ನೊಬ್ಬರ ಶೇಂಗಾ ಚಟ್ನಿ, ಮರಾಠಿ ಚಂಪಾಳ ಹಸಿಮೆಣಸಿನ ಠೇಚಾ, ಎಲ್ಲರ ರೊಟ್ಟಿಯ ಮೇಲೂ ಎಲ್ಲರದೂ ಚೂರುಚೂರು. “ಕುಣಿತಾನೂ ಹಿಂಗ,” ಎಂದರು ಮಲಕವ್ವ. “ಸ್ವಾಮವಾರ ಒಬ್ಬೊಬ್ರು ಒಂದೊಂದ ತರಬೇಕು. ನೊಣ ಹೊಡದದ್ದು ತಾ, ಕೂಸಿಗೆ ಎಣ್ಣಿ ಹಚ್ಚಿದ್ದು ತಾ, ಬಸ್ಸಿನ್ಯಾಗ ಜೋಲಿ ಹೊಡದದ್ದು ತಾ. ಎಲ್ಲಾರೂ ಎಲ್ಲಾರದೂ ಮಾಡಿ ನೋಡಬೇಕು. ಯಾವದರ ಮುಂದ ಯಾವದು ರುಚಿ ಆಗತೈತಿ ಅಂತ ನೋಡಿ ಜೋಡಸಬೇಕು. ನಂದ ನಂದು ಅನ್ನಾಕಿಗೆ ಇಲ್ಲಿ ಜಾಗಾ ಇಲ್ಲ.” ಹಾಡಿಲ್ಲ, ಡೋಲಿಲ್ಲ. ತಾಳಕ್ಕೆ ಹನ್ನೆರಡು ಕತ್ತರಿ.

ಹಾಗೆ ಬಂದ ತುತ್ತುಗಳಲ್ಲಿ ಈರಮ್ಮನದೇ ಎಲ್ಲಕ್ಕಿಂತ ಹೆಚ್ಚು ರುಚಿ. ಸಾಲಿನ ಕೊನೆ ಮುಟ್ಟಿದ ಮೇಲೆ, ಯಾವುದಾದರೂ ಗೊಂಚಲು ಉಳಿಯಿತೇ ಎಂದು ತಿರುಗಿ ನೋಡುವುದು ಇವರ ಕೆಲಸದ ಪದ್ಧತಿ. ಈರಮ್ಮ ತಂದದ್ದು ಆ ತಿರುಗುವಿಕೆಯನ್ನು: ಒಂದು ಕೈ ಸೊಂಟದ ಮೇಲೆ, ಒಂದು ಕಣ್ಣು ಬಿಸಿಲಿಗೆ ಮುಚ್ಚಿ, ಉದ್ದಕ್ಕೂ ಒಂದು ನೋಟ. ಈ ಹೆಂಗಸಿನ ತಲೆ ಎಂಥದು ಎನ್ನುವುದಕ್ಕೆ ಮೃದುಲಾ ಇನ್ನೊಂದು ಸಂಗತಿ ಹೇಳಿದರು. 2011ರ ಬೇಸಿಗೆಯಲ್ಲಿ ಟೋಳಿಯನ್ನು ಔರಂಗಾಬಾದ್ ಕಡೆ ವೇರೂಳಿಗೆ, ಅಂದರೆ ನಮ್ಮ ಬಾಯಿಯ ಎಲ್ಲೋರಾಕ್ಕೆ, ಕರೆದೊಯ್ದಿದ್ದರು. ಗುಹೆಯಲ್ಲಿ ಕುಣಿಯುವ ಶಿವನ ಮುಂದೆ ಎಲ್ಲರೂ ಕೈಮುಗಿದು ಮುಂದೆ ಹೋದರೆ ಈರಮ್ಮ ಮಾತ್ರ ನಿಂತೇ ಇದ್ದರು. “ಇದಕ್ಕ ಮೊದಲ ಏನ್ ಮಾಡ್ತಿದ್ದ ಇವ? ಇದಾದ ಮ್ಯಾಲೆ ಕಾಲು ಎಲ್ಲಿ ಇಡತಾನ?” ಮೃದುಲಾಗೆ ಪುಣೆಯಲ್ಲಿ ಎರಡು ವರ್ಷ ಕಲಿತ ಮೇಲೆ ಹೇಳಿಕೊಟ್ಟ ಪಾಠ ಅದು. ಆವತ್ತು ಹನ್ನೆರಡು ಮಂದಿ ಶಿವನ ಹಿಂದಿನ ಹೆಜ್ಜೆಯನ್ನೂ ಮುಂದಿನ ಹೆಜ್ಜೆಯನ್ನೂ ಹುಡುಕುತ್ತ ಅರ್ಧ ಗಂಟೆ ಕಳೆದರು. ಕಾವಲಿನವನು ಮೊದಲು ಗದರಿಸಿ, ಆಮೇಲೆ ತನ್ನದೂ ಒಂದು ಅಭಿಪ್ರಾಯ ಕೊಟ್ಟನಂತೆ.

ಇಂಥ ಈರಮ್ಮ ಕುಣಿತ ಬಿಟ್ಟದ್ದು ಕಳೆದ ವರ್ಷ, ಅಂದರೆ ಕನ್ನಡ ಬಳಗದ 2012ರ ರಾಜ್ಯೋತ್ಸವದಲ್ಲಿ. ಹೊರನಾಡಿನಲ್ಲಿ ನವೆಂಬರ್ ತಿಂಗಳು ಜನವರಿಯವರೆಗೂ ಇರುತ್ತದೆ. ಅವತ್ತು ಡಿಸೆಂಬರ್ ಒಂಬತ್ತು. ಬಾಡಿಗೆ ಸಭಾಂಗಣ, ಮುನ್ನೂರು ಜನ. ಹೆಂಗಸರು ಜೀವಮಾನದಲ್ಲೇ ಮೊದಲ ಬಾರಿಗೆ ವೇದಿಕೆ ಹತ್ತಿದರು. ಪರದೆ ಸರಿಯಿತು, ಎದುರಿನಿಂದ ದೊಡ್ಡ ದೀಪಗಳು ಹೊತ್ತಿಕೊಂಡವು. ಹನ್ನೆರಡೂ ಮಂದಿ ಒಟ್ಟಿಗೆ ತಿರುಗಿ ಪ್ರೇಕ್ಷಕರಿಗೆ ಬೆನ್ನು ಮಾಡಿ ನಿಂತರು.

ಯಾರೂ ಹೇಳಿರಲಿಲ್ಲ, ಯಾರೂ ಯೋಚಿಸಿಯೂ ಇರಲಿಲ್ಲ. ದಿನವಿಡೀ ಮೇಲೆ ನೋಡಿ ಕೆಲಸ ಮಾಡುವವರು ಬಿಸಿಲಿಗೆ ಮುಖ ಕೊಟ್ಟರೆ ಹತ್ತು ನಿಮಿಷಕ್ಕೆ ಕಣ್ಣು ಕತ್ತಲೆ ಬರುತ್ತದೆ. ಹಾಗಾಗಿ ಬೆಳಗ್ಗೆ ಒಂದು ತುದಿಯಿಂದ ಸಾಲು ಹಿಡಿದರೆ ಮಧ್ಯಾಹ್ನದ ಮೇಲೆ ಇನ್ನೊಂದು ತುದಿಯಿಂದ. ಬೆಳಕು ಯಾವಾಗಲೂ ಬೆನ್ನಿಗೇ ಇರಬೇಕು. ವರ್ಷಗಟ್ಟಲೆ ಹಾಗೆ ದುಡಿದ ಮೈಗಳು ದೀಪ ಬಿದ್ದ ಕೂಡಲೇ ತಮ್ಮ ಪಾಡಿಗೆ ತಾವು ತಿರುಗಿದ್ದವು. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಯಾರೋ “ಮುಖ ಈ ಕಡೆರೀ” ಎಂದು ಕೂಗಿದರು. ಆಮೇಲೆ ಇಡೀ ಸಭಾಂಗಣ ನಕ್ಕಿತು. ಈರಮ್ಮನ ತಿರುಗಿ ನೋಡುವ ಚಲನೆ ಇದ್ದದ್ದು ಕೊನೆಯಲ್ಲಿ. ಅಲ್ಲಿಯವರೆಗೆ ಅವರು ಕಾಯಲಿಲ್ಲ. ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿ ಇಳಿದು ಹೋಗಿ ಟೆಂಪೊದಲ್ಲಿ ಕುಳಿತುಬಿಟ್ಟರು. “ಅವರ ನಕ್ಕಿದ್ದು ನನ್ನ ಕುಣಿತಕ್ಕಲ್ಲ, ನನಗ,” ಎಂದರಂತೆ. ಆಮೇಲೆ ಆ ಮಾತನ್ನೇ ಎತ್ತಲಿಲ್ಲ.

ಈ ವರ್ಷ ಬಳಗದ ಕಾರ್ಯದರ್ಶಿ ಅರವಿಂದ ತಾವಾಗಿಯೇ ಕರೆದಿದ್ದಾರೆ. ಸಜ್ಜನ ಮನುಷ್ಯ, ಹೋದ ವರ್ಷದ ನಗುವಿನ ಬಗ್ಗೆ ಅವರಿಗೂ ನೋವಿದೆ. “ಮಲಕವ್ವಾರ, ಆರು ನಿಮಿಷ ಇಟ್ಟೀನಿ. ಮಕ್ಕಳ ವೇಷಭೂಷಣ ಆದ ಕೂಡಲೇ. ಒಂದು ಹಾಡು ಹಚ್ಚೂಣು, ಈ ಕಡೆ ಮುಖ ಮಾಡಿ ಕುಣೀರಿ, ಯಾರೂ ನಗಂಗಿಲ್ಲ,” ಎಂದು ಫೋನಿನಲ್ಲಿ ಹೇಳಿದರು. ಮಲಕವ್ವ ಒಪ್ಪಲಿಲ್ಲ. ತಪ್ಪೆಂದು ನಕ್ಕದ್ದನ್ನೇ ಕುಣಿತದ ಮೊದಲಿಗೆ ಇಟ್ಟಿದ್ದಾರೆ: ಪರದೆ ಸರಿದಾಗ ಹನ್ನೆರಡು ಬೆನ್ನು, ಕೊನೆಯವರೆಗೂ ಬೆನ್ನು. “ನಮ್ಮ ಕೆಲಸ ಬೆನ್ನಿನ ಕಡಿಂದ ಹಿಂಗ ಕಾಣತೈತ್ರಿ ಸಾಹೇಬ್ರ. ಮುಖಾ ಮಾಡಿ ಕುಣದ್ರ ಅದು ಬ್ಯಾರೆ ಯಾರದರ ಕೆಲಸ ಆಗತೈತಿ.” ಕೊನೆಗೆ ಒಬ್ಬರು ಮಾತ್ರ ಬೆಳಕಿನ ಕಡೆ ತಿರುಗಿ ನೋಡುತ್ತಾರೆ. ಆ ಒಬ್ಬರು ಈರಮ್ಮ.

ಬೇರೆ ಯಾರಾದರೂ ತಿರುಗಬಹುದಲ್ಲ ಎಂದು ಕೇಳಿದೆ. “ತಿರಗಬಹುದ್ರಿ. ಆದ್ರ ಅದು ಆಕಿ ತಂದದ್ದು. ಆಕಿ ಇಲ್ಲದಾಗ ಆಕಿ ಬುತ್ತಿ ಬಿಚ್ಚೂದು ಸರಿ ಅಲ್ಲ.” ಹಾಗಾದರೆ ಈರಮ್ಮ ಬಾರದಿದ್ದರೆ? ಮಲಕವ್ವ ತಲೆವಸ್ತ್ರ ಬಿಗಿ ಮಾಡಿಕೊಂಡರು. “ಆ ಜಾಗಾ ಖಾಲಿ ಇರತೈತಿ. ಕುಣಿತಕ್ಕ ಕೊನಿ ಅನ್ನೂದ ಇರಂಗಿಲ್ಲ.” ಮೊದಲ ಬಾರಿಗೆ ಅವರ ದನಿಯಲ್ಲಿ ನಗು ಇರಲಿಲ್ಲ.

ಶುಕ್ರವಾರ ಬೆಳಗ್ಗೆ ಒಂದು ವಿಚಿತ್ರ ಗಮನಿಸಿದೆ. ಅಭ್ಯಾಸದ ಕೊನೆಗೆ ಎಲ್ಲರೂ ಈರಮ್ಮನ ತಿರುಗುವಿಕೆಯನ್ನು ಮಾಡುತ್ತಿದ್ದರು, ಅದೂ ಬೆಂಕಿಗೆ ತೀರ ಹತ್ತಿರ ಬಂದು. ನನ್ನಂಥವನಿಗೂ ತಿಳಿಯುವಷ್ಟು ಕೆಟ್ಟದಾಗಿ ಮಾಡುತ್ತಿದ್ದರು. ಚಂಪಾ ಅಂತೂ ಪೊಲೀಸ್ ಕವಾಯತಿನಂತೆ ಕಾಲು ಅಪ್ಪಳಿಸಿ ಗರ್ರನೆ ತಿರುಗಿದಳು. ಬೆಂಕಿಯ ಬಳಿ ಈರಮ್ಮನ ಮುಖ ಗಂಟಾಯಿತು. ನಾನು ಮಲಕವ್ವನ ಬಳಿ ಹೋಗಿ, ಇದು ಸರಿಯಾಗುತ್ತಿಲ್ಲ ಅಲ್ಲವೇ ಎಂದು ಪಿಸುಗುಟ್ಟಿದೆ. ಅವರು ಕಣ್ಣು ಮಿಟುಕಿಸಿದರು. “ನಾನ ಹೇಳೀನಿ, ಕೆಡಸ್ರಿ ಅಂತ. ಮೂರ ದಿನದಿಂದ ಕೆಡಸ್ಲಾಕತ್ತಾರ. ರವಿವಾರ ತನಕ ಬರೀಬ್ಯಾಡ್ರಿ ಮತ್ತ.” ಒಂದು ವರ್ಷ ಕೈಮುಗಿದು, ಗಲ್ಲ ಹಿಡಿದು, ಜಗಳವಾಡಿ ಕೇಳಿದರೂ ಜಗ್ಗದ ಹೆಂಗಸಿಗೆ ಉಳಿದದ್ದು ಇದೊಂದೇ ಮದ್ದಂತೆ.

ಶನಿವಾರ. ಅದೇ ಚಳಿ, ಅದೇ ಬೆಂಕಿ. ಚಂಪಾ ಈ ಸಲ ತಿರುಗುವಾಗ ನೆಲದ ಮೇಲಿನ ಡ್ರಿಪ್ ಪೈಪಿಗೆ ಕಾಲು ತೊಡರಿಸಿಕೊಂಡಂತೆ ನಟಿಸಿದಳು. ಅಷ್ಟೇ. ಈರಮ್ಮ ಕೈಯಲ್ಲಿದ್ದ ಕಡ್ಡಿಯನ್ನು ಬೆಂಕಿಗೆ ಎಸೆದು ಎದ್ದರು.

“ಹಂಗಲ್ಲೇ, ನಿನ್ನ. ಕತ್ತ ಮೊದಲ. ಆಮ್ಯಾಲೆ ಹೆಗಲ. ಕಾಲ ಎಲ್ಲಾದ್ರಕಿಂತ ಕಡೀಕ. ಕಾಲ ಮೊದಲ ತಿರಗಿದ್ರ ಪೈಪ ತುಳೀತಿ, ಬಿದ್ದ ಬಳ್ಳಿ ಮುರೀತಿ. ನಾಕ ದಿನದಿಂದ ನೋಡ್ಲಾಕತ್ತೀನಿ, ಒಬ್ಬಾಕಿಗರ ಬರವಲ್ದು.”

“ಹ್ಯಾಂಗಬೇ ಅಕ್ಕಾ?” ಎಂದರು ಮಲಕವ್ವ, ಹಸುವಿನಂಥ ಮುಖ ಮಾಡಿ. ಈರಮ್ಮ ತೋರಿಸಿದರು. ಕತ್ತು ತಿರುಗಿತು. ಹೆಗಲು ಅದನ್ನು ಹಿಂಬಾಲಿಸಿತು. ಕೈ ಸೊಂಟ ಹುಡುಕಿಕೊಂಡಿತು. ಪಾದ ಎಲ್ಲಕ್ಕಿಂತ ಕೊನೆಗೆ, ಪೈಪು ಎಲ್ಲಿದೆಯೆಂದು ಬಲ್ಲ ಪಾದ. ಇನ್ನೊಂದು ಸಲ ಎಂದರು ಮಲಕವ್ವ. ಇನ್ನೊಂದು ಸಲ. ನಾಲ್ಕನೆಯ ಸಲಕ್ಕೆ ಈರಮ್ಮ ನಿಂತು ಎಲ್ಲರ ಮುಖವನ್ನೂ ಒಮ್ಮೆ ನೋಡಿದರು. ಮೋಸ ಅರ್ಥವಾಯಿತು. “ಕಳ್ಳಿ ಅದಿ ನೀ, ಮಲಕವ್ವ,” ಎಂದರು. ಆದರೆ ಬೆಂಕಿಯ ಕಡೆ ಹೋಗಲಿಲ್ಲ.

ಭಾನುವಾರ ಸಂಜೆ ಆರೂವರೆ. ಸಭಾಂಗಣದಲ್ಲಿ ಮಕ್ಕಳ ವೇಷಭೂಷಣ ಮುಗಿದಿದೆ; ಹಿಂದಿನ ಸಾಲಿನವರಿಗೆ ಆಗಲೇ ಬಿಸಿಬೇಳೆಭಾತಿನ ವಾಸನೆ ಬಂದಿದೆ. ಮೃದುಲಾ ನನ್ನ ಪಕ್ಕದಲ್ಲಿ ಕುಳಿತು ಸೆರಗಿನ ತುದಿ ಹಿಂಡುತ್ತಿದ್ದಾರೆ. ಪರದೆ ಸರಿಯುತ್ತದೆ. ದೀಪ ಬೀಳುತ್ತದೆ. ಹನ್ನೆರಡು ಬೆನ್ನುಗಳು. ನಾನು ಎರಡೆರಡು ಸಲ ಎಣಿಸುತ್ತೇನೆ, ಹನ್ನೆರಡೇ. ಕತ್ತರಿಗಳು ಶುರುವಾಗುತ್ತವೆ. ಕೈಗಳು ಮೇಲೇರುತ್ತವೆ, ಸೊಂಟ ಗೊಂಚಲು ಅದ್ದುತ್ತದೆ, ಬೆನ್ನುಗಳು ಒಂಬತ್ತು ಚುಕ್ಕಿಯ ರಂಗೋಲಿ ಬಿಡಿಸುತ್ತವೆ. ಯಾರೋ ಕೆಮ್ಮುತ್ತಾರೆ. ಬೇರೆ ಸದ್ದಿಲ್ಲ.

ಕತ್ತರಿಗಳು ಒಂದೊಂದಾಗಿ ನಿಲ್ಲುತ್ತವೆ. ಎಡತುದಿಯ ಬೆನ್ನಿನ ಮೇಲೆ ಒಂದು ಕತ್ತು ತಿರುಗುತ್ತದೆ. ಆಮೇಲೆ ಹೆಗಲು. ಕಾಲು ಎಲ್ಲಕ್ಕಿಂತ ಕೊನೆಗೆ. ಈರಮ್ಮ ದೀಪಕ್ಕೆ ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ನಮ್ಮನ್ನು ನೋಡುತ್ತಾರೆ, ಒಬ್ಬರನ್ನೂ ಬಿಡದೆ, ಅವಸರವಿಲ್ಲದೆ. ಮುನ್ನೂರು ಜನ ಕುರ್ಚಿಯಲ್ಲಿ ನೆಟ್ಟಗಾಗುತ್ತಾರೆ. ನಾನೂ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತೇನೆ, ಉಳಿದುಹೋದ ಗೊಂಚಲು ನಾನೇ ಆಗಿದ್ದರೆ ಎಂಬ ಅಳುಕಿನಿಂದ. ಆಮೇಲೆ ಚಪ್ಪಾಳೆ ಬಿತ್ತು, ಬಹಳ ಹೊತ್ತು ಬಿತ್ತು. ಮೃದುಲಾ ಅಳುತ್ತಿದ್ದರು. ನನಗೂ ಕಣ್ಣು ತುಂಬಿತ್ತು, ಮುಚ್ಚಿಡುವುದೇನು.

ಹೊರಗೆ ಭುಜಂಗ ಟೆಂಪೊ ಚಾಲೂ ಮಾಡಿ ಕಾಯುತ್ತಿದ್ದಾರೆ. ಬೆಳಗಾದರೆ ಇನ್ನೊಂದು ತೋಟದಲ್ಲಿ ಗೊಂಚಲು ಅದ್ದುವುದಿದೆ. ಕೈಯಲ್ಲಿ ಭಾತಿನ ತಟ್ಟೆ ಹಿಡಿದ ಈರಮ್ಮ ಏನೋ ಕಳೆದುಕೊಂಡವರಂತೆ, “ಈ ಸಲ ಒಬ್ಬರೂ ನಗಲಿಲ್ಲಲ್ಲೇ,” ಎನ್ನುತ್ತಾರೆ. ಮುಂದೇನು ಆಸೆ ಎಂದು ನಾನು ಮಲಕವ್ವನನ್ನು ಕೇಳುತ್ತಿದ್ದೆ. ಅವರು ಉತ್ತರ ಕೊಟ್ಟದ್ದು ನನಗಲ್ಲ, ಈರಮ್ಮನಿಗೆ.

“ಮುಂದಿನ ವರ್ಷ ನಗಸೂಣು ತಗೋ ಅಕ್ಕಾ. ಹೋದ ವರ್ಷದ ನಗಿ ಅವರದಿತ್ತು. ಮುಂದಿನ ವರ್ಷದ್ದು ನಾವು ಕಟ್ಟಿದ್ದಿರತೈತಿ.”